ಬೀಳೋದು ಕಲಿಸುವ ಮೇಷ್ಟ್ರು

ಆ ದಿನ ಡೈರಿಯಲ್ಲಿ ಅವಳು ಬರೆದದ್ದು ಎರಡೇ ಸಾಲು. "ನನಗೆ ತಲೆ ಅಡ್ಡಡ್ಡ ಆಡಿಸೋಕೆ ಬರೋದಿಲ್ಲ. ಇದು ಸ್ವಭಾವವೋ, ಕಾಯಿಲೆಯೋ?"

ಮೇಲಿಂದ ಕೆಳಕ್ಕೆ ಆಡಿಸುವುದು ಮಾತ್ರ ಸೊಗಸಾಗಿ ಬರುತ್ತಿತ್ತು. ಚಪ್ಪಲಿ ಅಂಗಡಿಯವನು ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಅಂದರೆ ತಲೆ ಆಡುತ್ತಿತ್ತು, ಆಮೇಲೆ ತಿಂಗಳುಗಟ್ಟಲೆ ಹಿಮ್ಮಡಿಗೆ ಬ್ಯಾಂಡೇಜು. ಕೂದಲು ಕತ್ತರಿಸುವವಳು ಇನ್ನೊಂಚೂರು ತೆಗೀಲಾ ಅಂದರೂ ಆಡುತ್ತಿತ್ತು, ಆಮೇಲೆ ಕನ್ನಡಿ ಕಂಡಲ್ಲೆಲ್ಲ ಮುಖ ಆ ಕಡೆ ತಿರುಗಿಸಿ ನಡೆಯುವುದು. ಎಂ.ಎ. ಮುಗಿಸಿದವಳು ಪಠ್ಯಪುಸ್ತಕ ಅಚ್ಚು ಹಾಕುವ ಪ್ರೆಸ್ಸಿಗೆ ಕರಡು ತಿದ್ದಲು ಸೇರಿಕೊಂಡದ್ದೂ ಅದಕ್ಕೇ. ಅಲ್ಲಿ ಬಾಯಿ ತೆಗೆಯುವ ಪ್ರಮೇಯ ಇರಲಿಲ್ಲ. ಕೆಂಪು ಪೆನ್ನು ಹಿಡಿದರೆ ಅವಳಷ್ಟು ಗಟ್ಟಿಗಿತ್ತಿ ಆ ಕಟ್ಟಡದಲ್ಲೇ ಇಲ್ಲ. ದೊಡ್ಡ ದೊಡ್ಡ ಪ್ರೊಫೆಸರುಗಳ ವಾಕ್ಯಗಳಿಗೆ ಮುಲಾಜಿಲ್ಲದೆ ಸುತ್ತು ಹಾಕಿ, ಪಕ್ಕದಲ್ಲಿ "ಪುನರುಕ್ತಿ" ಎಂದು ಬರೆದುಬಿಡುತ್ತಿದ್ದಳು. ಅದೇ ಪ್ರೊಫೆಸರು ಎದುರಿಗೆ ಬಂದು ನಿಂತರೆ ಮೇಜಿನ ಡ್ರಾಯರಿನಲ್ಲಿ ಇಲ್ಲದ ರಬ್ಬರು ಹುಡುಕುತ್ತಿದ್ದಳು.

ಈ ಸಲ ತಲೆ ಆಡಿಸಿ ಬಂದದ್ದು ಚಪ್ಪಲಿಗಲ್ಲ, ಕೂದಲಿಗಲ್ಲ. ದೊಡ್ಡಮ್ಮನ ಕೈಕಾಲಿನ ವಿಷಯಕ್ಕೆ.

ದೊಡ್ಡಮ್ಮ ಬೀದಿಯ ಮೂಲೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟವಳು. ಹೈಸ್ಕೂಲಿನಿಂದ ಇವಳನ್ನು ಸಾಕಿ ಓದಿಸಿದವಳು. ಐವತ್ತಾರನೆಯ ವಯಸ್ಸಿನಲ್ಲಿ ತನ್ನ ಅಂಗಡಿ ಮೆಟ್ಟಿಲ ಮೇಲೇ ಕಾಲು ಜಾರಿ ಬಿದ್ದು, ಮಣಿಕಟ್ಟು ಊದಿಸಿಕೊಂಡು, ಎರಡು ವಾರ ಕತ್ತರಿ ಹಿಡಿಯಲಾಗದೆ ಎಲ್ಲರ ಮೇಲೂ ರೇಗಾಡಿದ್ದಳು. ಬೀಳೋದನ್ನ ಯಾರಿಗೂ ತಪ್ಪಿಸೋಕಾಗಲ್ಲ, ಬೀಳೋ ರೀತಿ ಗೊತ್ತಿರಬೇಕು ಅಷ್ಟೇ ಎಂದು ಡಾಕ್ಟರು ಬಾಯಿ ತಪ್ಪಿ ಹೇಳಿದ್ದರು. ದೊಡ್ಡಮ್ಮ ಅದನ್ನು ಬಿಗಿಯಾಗಿ ಹಿಡಿದುಕೊಂಡಳು.

"ಜೂಡೋ, ಕರಾಟೆ ಅಂತೆಲ್ಲ ಇರುತ್ತಲ್ಲ ಪುಟ್ಟಿ, ಅಲ್ಲಿ ಬೀಳೋದನ್ನೂ ಕಲಿಸ್ತಾರಂತೆ. ನೀನು ಹೋಗಿ ನೋಡ್ಕೊಂಡು ಬಾ. ಯಾವುದು ಗಟ್ಟಿ, ಯಾವುದು ಬರೀ ಬಡಾಯಿ ಅಂತ ನಿನ್ನ ಕಣ್ಣಿಗೆ ಗೊತ್ತಾಗುತ್ತೆ. ಬಟ್ಟೆ ಆಗಿದ್ರೆ ನಾನೇ ಮುಟ್ಟಿ ಹೇಳ್ತಿದ್ದೆ."

ಅವಳು ಮೊದಲು ಹೋದದ್ದು ಗಾಜಿನ ಬಾಗಿಲಿನ ಶಾಲೆಗೆ. ಒಳಗೆ ಮೂರು ಗೋಡೆಗೆ ಕನ್ನಡಿ, ನಾಲ್ಕನೆಯ ಗೋಡೆಗೆ ಅಲ್ಲಿನ ಗ್ರ್ಯಾಂಡ್ ಮಾಸ್ಟರನ ಆಳೆತ್ತರದ ಫೋಟೋ. ಪಕ್ಕದಲ್ಲಿ ನಿಂತಾಗ ಮಾಸ್ಟರು ತನ್ನ ಫೋಟೋಗಿಂತ ಎರಡಿಂಚು ಗಿಡ್ಡ. ಹದಿನೆಂಟು ತಿಂಗಳಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ, ಐವತ್ತಾರಾದರೇನು ಎಪ್ಪತ್ತಾದರೇನು ಎಂದ. ಕೂತು ಕ್ಲಾಸು ನೋಡಬಹುದಾ ಎಂದು ಅವಳು ಕೇಳುವಷ್ಟರಲ್ಲಿ, ಸೇರಿದವರಿಗಷ್ಟೇ ಒಳಗೆ ಪ್ರವೇಶ, ಇದೆಲ್ಲ ಗುಟ್ಟಿನ ವಿದ್ಯೆ ಎಂದ. ಬೇಕಾದರೆ ಒಂದು ಪಟ್ಟು ತೋರಿಸುತ್ತೇನೆ ಅಂತ ಒಬ್ಬ ವಿದ್ಯಾರ್ಥಿಯನ್ನು ಕರೆದು, ಮಲಗಿಸಿ, ತೋಳು ತಿರುಚಿ ಹಿಡಿದ.

ವಿದ್ಯಾರ್ಥಿ ಮ್ಯಾಟಿನ ಮೇಲೆ ಅಂಗೈಯಲ್ಲಿ ಎರಡು ಸಲ ತಟ್ಟಿದ. ಸಾಕು, ಬಿಡಿ ಅನ್ನುವ ಸನ್ನೆ. ಯಾರೂ ಹೇಳದೆ ಅವಳಿಗೂ ತಿಳಿಯಿತು. ಮಾಸ್ಟರು ಬಿಡಲಿಲ್ಲ. ತೋಳು ಹಿಡಿದುಕೊಂಡೇ, ಗಾಜಿನ ಕಪಾಟಿನ ಕಡೆ ಗಲ್ಲ ತೋರಿಸಿ, ತಾನು ಗೆದ್ದ ಕಪ್ಪುಗಳ ಕಥೆ ಶುರುಮಾಡಿದ. ವಿದ್ಯಾರ್ಥಿ ಮತ್ತೆ ತಟ್ಟಿದ. ಕಥೆ ಎರಡನೆಯ ಕಪ್ಪಿಗೆ ಬಂತು. ಅವಳಿಗೆ ತನ್ನ ಭುಜವೇ ನೋಯತೊಡಗಿತು.

ಹಾಗಾದರೆ ಒಂದನೇ ತಾರೀಖಿನ ಬ್ಯಾಚಿಗೆ ನಿಮ್ಮ ದೊಡ್ಡಮ್ಮನ ಹೆಸರು ಬರೆದುಕೊಳ್ಳಲಾ ಎಂದು ಕೇಳಿದ. ಮನಸ್ಸು ಬೇಡ ಬೇಡ ಎಂದು ಕಿರುಚುತ್ತಿತ್ತು. ತಲೆ ಮೇಲಿಂದ ಕೆಳಕ್ಕೆ ಆಡಿತು.

ಮನೆಗೆ ಬಂದಾಗ ಕೈಯಲ್ಲಿ ಒಂದು ಟೀ ಶರ್ಟು, ಅದರ ಮೇಲೆ ಮಾಸ್ಟರನ ಮುಖ. ದೊಡ್ಡಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ ಆಗಲೇ ದಪ್ಪ ಬಿಳಿ ಬಟ್ಟೆ ಹರವಿಕೊಂಡು ತನಗೆ ತಾನೇ ಅಳತೆ ತೆಗೆದುಕೊಳ್ಳತೊಡಗಿದಳು. ಅವಳು ಒಳಗೆ ಹೋಗಿ ಡೈರಿ ತೆಗೆದಳು.

ಮಾರನೆಯ ಸಂಜೆ ಪ್ರೆಸ್ಸಿನಿಂದ ಹೊರಟವಳಿಗೆ, ಪೇಪರ್ ಗೋದಾಮಿನ ಹಿಂದಿನ ಶೆಡ್ಡಿನಿಂದ ಧಪ್ ಎಂಬ ಸದ್ದು ಕೇಳಿಸಿತು. ಅದರ ಬೆನ್ನಿಗೇ ನಗು. ಮತ್ತೆ ಧಪ್, ಮತ್ತೆ ನಗು. ಬಿದ್ದವರು ನಗುವುದನ್ನು ಅವಳು ಕೇಳಿಯೇ ಇರಲಿಲ್ಲ.

ಬಾಗಿಲಲ್ಲಿ ಒಬ್ಬ ಗೋಣಿಸೂಜಿ ಹಿಡಿದು ಮ್ಯಾಟಿನ ಹರಿದ ಅಂಚು ಹೊಲಿಯುತ್ತ ಕೂತಿದ್ದ. ವಯಸ್ಸು ಮೂವತ್ತರ ಆಚೀಚೆ. ತೊಳೆದು ತೊಳೆದು ಬೂದಿಬಣ್ಣಕ್ಕೆ ತಿರುಗಿದ ಜೂಡೋ ಅಂಗಿ. ಎಡಗಿವಿ ಯಾರೋ ಹಿಂಡಿ ಹಾಗೇ ಬಿಟ್ಟಂತೆ ಮುದುರಿಕೊಂಡಿತ್ತು, ವರ್ಷಗಟ್ಟಲೆ ಮ್ಯಾಟಿಗೆ ಉಜ್ಜಿದ ಜೂಡೋದವರ ಕಿವಿ. ಯಾರು, ಏನು ಎಂದು ಕೇಳದೆ, ಒಳಗೆ ಬೆಂಚಿದೆ ಕೂತ್ಕೊಳ್ಳಿ, ಎಷ್ಟು ಹೊತ್ತು ಬೇಕಾದರೂ ನೋಡಿ ಎಂದ. ದಾರ ಹಲ್ಲಲ್ಲಿ ಕಡಿದು ಎದ್ದು ಹೋದಾಗಲೇ ಅವಳಿಗೆ ಗೊತ್ತಾಗಿದ್ದು, ಈತನೇ ಮೇಷ್ಟ್ರು.

ಮೊದಲ ಅರ್ಧ ಗಂಟೆ ಬರೀ ಬೀಳುವುದು. ಎದುರಾಳಿಯ ಸುದ್ದಿಯೇ ಇಲ್ಲ. ಹಲ್ಲಿನ ಡಾಕ್ಟರೊಬ್ಬರು, ಒಳ್ಳೇ ಬೀರುವಿನಂಥ ಆಳು, ಮುಂದಿನ ಬೆಲ್ಟು ಯಾವಾಗ ಎಂದು ಕೇಳಿದರು. ನೀವು ಕೇಳೋದು ಮರೆತ ಮೇಲೆ ಎಂದ ಮೇಷ್ಟ್ರು. ಇನ್ನೊಬ್ಬಾಕೆ ಏನೋ ಪ್ರಶ್ನೆ ಕೇಳಿದರೆ, ನನಗೆ ಗೊತ್ತಿಲ್ಲ, ನಮ್ಮ ಗುರುಗಳನ್ನ ಕೇಳಿ ಹೇಳ್ತೀನಿ ಎಂದುಬಿಟ್ಟ. ಆಮೇಲೆ ಒಂದು ಪಟ್ಟು ತೋರಿಸುವಾಗ ಡಾಕ್ಟರು ಮ್ಯಾಟು ತಟ್ಟಿದರು. ಒಂದೇ ಸಲ, ಅದೂ ಮೆಲ್ಲಗೆ. ಮೇಷ್ಟ್ರು ಆಗ ಒಂದು ವಾಕ್ಯದ ನಡುವೆ ಇದ್ದ. ವಾಕ್ಯ ಅಲ್ಲೇ ಬಿತ್ತು, ಕೈ ಬಿಟ್ಟಿತು.

ಅವಳು ಡೈರಿ ತೆಗೆದು ಬರೆದಳು: "ಒಳ್ಳೆಯ ಶಾಲೆ. ಸಾಕು ಅಂದ ತಕ್ಷಣ ಬಿಡುತ್ತಾರೆ."

ತಲೆ ಎತ್ತಿದರೆ ಮೇಷ್ಟ್ರು ಅವಳ ಕೆಂಪು ಪೆನ್ನನ್ನೇ ನೋಡುತ್ತಿದ್ದ. ಕ್ಲಾಸು ಮುಗಿದ ಮೇಲೆ ಒಂದು ಲೋಟ ನೀರು ಹಿಡಿದು ಬಂದ.

"ಅಸೋಸಿಯೇಷನ್ ಕಡೆಯಿಂದ ಬಂದಿರೋದಾ ಮೇಡಂ?"

ಪ್ರಶ್ನೆ ಅವಳಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಅಲ್ಲ ಅನ್ನುವ ಉತ್ತರವೂ ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ತಲೆ ತನ್ನ ಹಳೆಯ ಚಾಳಿಯಂತೆ ಆಡಿಯಾಗಿತ್ತು.

ಸಂಗತಿ ಏನೆಂದರೆ, ಜೂಡೋ ಅಸೋಸಿಯೇಷನ್ನಿನವರು ವರ್ಷಕ್ಕೊಮ್ಮೆ ಹೇಳದೆ ಕೇಳದೆ ಬಂದು, ಮೂಲೆಯಲ್ಲಿ ಸುಮ್ಮನೆ ಕೂತು, ಶಾಲೆ ನೋಡಿ ಮಾನ್ಯತೆ ಕೊಡುತ್ತಿದ್ದರು. ಮಾನ್ಯತೆ ಸಿಗದಿದ್ದರೆ ಇಲ್ಲಿ ಕಲಿತ ಯಾರೂ ಆ ವರ್ಷ ಬೆಲ್ಟಿನ ಪರೀಕ್ಷೆಗೆ ಕೂರುವಂತಿಲ್ಲ. ಇದನ್ನೆಲ್ಲ ಮೇಷ್ಟ್ರೇ ಸಂಕೋಚದಿಂದ ವಿವರಿಸಿದ. ನಿಮಗೆ ಗೊತ್ತಿರೋದೇ ಅಲ್ವಾ ಎಂದೂ ಸೇರಿಸಿದ. ಅವಳು ನೀರು ಕುಡಿದಳು. ಲೋಟ ಖಾಲಿಯಾದ ಮೇಲೂ ಕುಡಿಯುತ್ತಲೇ ಇದ್ದಳು.

ಅಲ್ಲಿಗೆ ಮತ್ತೆ ಕಾಲಿಡಬಾರದು ಎಂದು ಡೈರಿಯಲ್ಲಿ ಬರೆದಳು. ಗುರುವಾರ ಹೋಗಿ ಕೂತಳು. ಶನಿವಾರವೂ.

ಸತ್ಯ ಹೇಳಿಬಿಡಬೇಕು ಅಂತಲೇ ಪ್ರತಿ ಸಲ ಹೋಗುತ್ತಿದ್ದುದು. ಆದರೆ ಮೇಷ್ಟ್ರು ಅವಳಿಗಾಗಿ ಬೆಂಚಿನ ಧೂಳು ಒರೆಸಿಟ್ಟಿರುತ್ತಿದ್ದ. ಹೋದ ಕೂಡಲೇ ಡಾಕ್ಟರು, ಮೇಡಂ ಬಂದ್ರು, ಎಲ್ಲರೂ ಹೊಟ್ಟೆ ಒಳಗೆ ಎಳ್ಕೊಳ್ಳಿ ಅನ್ನುತ್ತಿದ್ದರು. ಮೇಷ್ಟ್ರು ಪಾಠದ ಮಧ್ಯೆ ಓರೆಗಣ್ಣಲ್ಲಿ ಅವಳ ಪೆನ್ನಿನ ಕಡೆ ನೋಡುತ್ತಿದ್ದ. ಪೆನ್ನು ಓಡಿದರೆ ಅವನ ಕೈ ಮುದುರಿದ ಕಿವಿಗೆ ಹೋಗುತ್ತಿತ್ತು. ಇದು ಗೊತ್ತಾದ ಮೇಲೆ ಅವಳು ಬರೆಯಲು ಏನೂ ಇಲ್ಲದಾಗಲೂ ಪೆನ್ನು ಓಡಿಸತೊಡಗಿದಳು. ಒಂದು ಸಲ ಪುಟದ ತುಂಬ ಬರೀ ಸೊನ್ನೆ ಸುತ್ತಿದಳು. ಅವನು ಪಾಪ, ಆ ಸಂಜೆಯೆಲ್ಲ ಕಿವಿ ಹಿಡಿದುಕೊಂಡೇ ಪಾಠ ಮಾಡಿದ. ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ನೋಡಿದ. ಅವಳು ಕೆಮ್ಮಿದಳು.

ಇನ್ನೊಂದು ದಿನ ಗಾಯದ ಪುಸ್ತಕ ತಂದು ಅವಳ ತೊಡೆಯ ಮೇಲಿಟ್ಟ. ಕ್ಲಾಸಿನಲ್ಲಿ ಯಾರಿಗೆ ಏಟಾದರೂ ಬರೆದಿಡುವ ರಿಜಿಸ್ಟರು, ಅಸೋಸಿಯೇಷನ್ನಿನವರು ಮೊದಲು ಕೇಳುವುದೇ ಅದನ್ನ. ಅವಳು ತೆರೆದಳು. "ಡಾಕ್ಟರ ಹೆಬ್ಬೆರಳು ಉಳುಕಿತು. ತಪ್ಪು ನನ್ನದು." "ಹೊಸಬರು ಮೊಣಕೈ ತರಚಿಕೊಂಡರು. ಮ್ಯಾಟಿನ ಸಂದು ನೋಡಿರಲಿಲ್ಲ. ತಪ್ಪು ನನ್ನದು." ಹಾಳೆ ತಿರುವಿದರೂ ಅದೇ. ಯಾರ ಕಾಲು ಯಾರಿಗೆ ತಾಗಿದರೂ ತಪ್ಪು ಮೇಷ್ಟ್ರದ್ದು. ಓದುತ್ತ ಓದುತ್ತ ಅವಳ ಎದೆಯಲ್ಲಿ ಏನೋ ಮೆತ್ತಗಾಯಿತು. ತಪ್ಪನ್ನು ಇಷ್ಟು ಸಲೀಸಾಗಿ, ಒಂದು ಚೂರೂ ಬೆಣ್ಣೆ ಹಚ್ಚದೆ ಒಪ್ಪಿಕೊಳ್ಳುವ ವಾಕ್ಯವನ್ನು ಯಾವ ಪ್ರೊಫೆಸರ ಕರಡಿನಲ್ಲೂ ಅವಳು ಕಂಡಿರಲಿಲ್ಲ.

ಮನಸ್ಸು ಅಲ್ಲಿದ್ದಾಗ ಕೈ ತನ್ನ ಕೆಲಸ ತಾನು ಮಾಡಿತ್ತು. ಎಚ್ಚರವಾಗಿ ನೋಡಿದರೆ, ಐದು ಕಡೆ "ತಪ್ಪು ನನ್ನದು" ಎಂಬುದಕ್ಕೆ ಕೆಂಪು ಸುತ್ತು ಬಿದ್ದಿದೆ. ಪಕ್ಕದಲ್ಲಿ ತನ್ನದೇ ದುಂಡನೆಯ ಅಕ್ಷರ: ಪುನರುಕ್ತಿ.

ಪುಸ್ತಕ ಮುಚ್ಚಿ ಕೊಟ್ಟು ಓಡಿದಳು. ಮುಂದಿನ ಸಲ ಹೋದಾಗ ಮೇಷ್ಟ್ರ ಮುಖ ಸಪ್ಪಗಿತ್ತು. ಎಲ್ಲರೂ ಹೋದ ಮೇಲೆ ಬೆಂಚಿನ ಇನ್ನೊಂದು ತುದಿಯಲ್ಲಿ ಬಂದು ಕೂತ.

"ನಿಜ ಮೇಡಂ. ಅದದೇ ತಪ್ಪು ಮತ್ತೆ ಮತ್ತೆ ಮಾಡ್ತಿದೀನಿ. ಇಷ್ಟು ದಿನ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ."

ಅಯ್ಯೋ, ಹಾಗಲ್ಲ ಎಂದು ಅವಳು ಅವನಿಗೆ ಹೇಳಬೇಕು. ನಿಮ್ಮಷ್ಟು ಸರಿಯಾದ ಮನುಷ್ಯನನ್ನು ನಾನು ಕಂಡೇ ಇಲ್ಲ ಎಂದೂ ಹೇಳಬಹುದು, ನಾಲಿಗೆ ಸಹಕರಿಸಿದರೆ. ಸಹಕರಿಸಲಿಲ್ಲ. ಅವಳು ಬೆಂಚಿನ ಮೊಳೆಯೊಂದನ್ನು ಉಗುರಲ್ಲಿ ಕೆರೆದಳು. ಅವನೇ ಮಾತು ಮುಂದುವರಿಸಿ, ಒಳ್ಳೆಯ ಶಾಲೆಯನ್ನು ನೀವೆಲ್ಲ ಹೇಗೆ ಗುರುತು ಹಿಡಿಯುತ್ತೀರಿ ಎಂದು ಕೇಳಿದ. ಹೀಗೇ, ನೋಡ್ತೀವಿ ಎಂದಳು. ಪಕ್ಕಾ ಅಧಿಕಾರಿಗಳ ಉತ್ತರ ಎಂದು ಅವನು ನಕ್ಕ. ತಮ್ಮ ಗುರುಗಳು ಹೇಳುತ್ತಿದ್ದರಂತೆ, ಗೆದ್ದವನ ಮುಖ ನೋಡಬೇಡಿ, ಬಿದ್ದವನ ಮುಖ ನೋಡಿ. ಅವನು ನಗ್ತಾ ಎದ್ದರೆ ಆ ಶಾಲೆಗೆ ಸೇರಿ.

ಇಬ್ಬರ ನಡುವೆ ಬೆಂಚಿನ ಮೇಲೆ ಒಂದು ಮೊಳದಷ್ಟು ಜಾಗ ಇತ್ತು. ಅದರ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಅಷ್ಟು ಹೊತ್ತೂ ಇಬ್ಬರೂ ಆ ಬಿಸಿಲನ್ನೇ ನೋಡಿದರು.

ಒಂದನೇ ತಾರೀಖು ಶನಿವಾರ ಬಂತು. ದೊಡ್ಡಮ್ಮ ತಾನೇ ಹೊಲಿದ ಬಿಳಿ ಯೂನಿಫಾರ್ಮು ಹಾಕಿಕೊಂಡು ಸಜ್ಜಾದಳು. ಅದಕ್ಕೆ ನಾಲ್ಕು ಜೇಬು. ಒಂದರಲ್ಲಿ ಕನ್ನಡಕ, ಒಂದರಲ್ಲಿ ಅಳತೆ ಟೇಪು, ಉಳಿದೆರಡು ಯಾವುದಕ್ಕಾದರೂ ಇರಲಿ ಅಂತ. ಗಾಜಿನ ಬಾಗಿಲಿನ ಬೀದಿ ಬಂದಾಗ ಅವಳು ದೊಡ್ಡಮ್ಮನ ಕೈ ಹಿಡಿದು ಎಡಕ್ಕೆ ತಿರುಗಿಸುವ ಬದಲು ಬಲಕ್ಕೆ ತಿರುಗಿಸಿದಳು. ದೊಡ್ಡಮ್ಮ ಕೇಳಿದ್ದಕ್ಕೆಲ್ಲ ಹೂಂ ಅಂದಳೇ ಹೊರತು ಇನ್ನೇನೂ ಹೇಳಲಿಲ್ಲ. ಇವಳು ಹೀಗೆ ತುಟಿ ಬಿಗಿಹಿಡಿದು ಬಿರಬಿರನೆ ನಡೆಯುವುದನ್ನು ದೊಡ್ಡಮ್ಮ ಎಂದೂ ಕಂಡಿರಲಿಲ್ಲ. ಕುತೂಹಲಕ್ಕೇ ಹಿಂದೆ ಬಂದಳು.

ಶೆಡ್ಡಿನಲ್ಲಿ ಮೇಷ್ಟ್ರು ದೊಡ್ಡಮ್ಮನನ್ನು ನೋಡಿ ಎದ್ದು ನಿಂತ. ದೊಡ್ಡಮ್ಮ ಸೀದಾ ಬಗ್ಗಿ ಮ್ಯಾಟಿನ ಅಂಚು ಮುಟ್ಟಿ ನೋಡಿದಳು.

"ಯಾರಪ್ಪ ಇದನ್ನ ಹೊಲಿದಿದ್ದು? ಗಂಡಸರ ಹೊಲಿಗೆ."

"ನಾನೇ."

"ಗಟ್ಟಿಯಾಗಿದೆ, ಚೆಂದ ಇಲ್ಲ. ಪರವಾಗಿಲ್ಲ, ಕಲಿಸ್ಕೊಡ್ತೀನಿ. ನೀನು ನನಗೆ ಬೀಳೋದು ಕಲಿಸು."

ಅವನು ಮೊದಲು ದೊಡ್ಡಮ್ಮನ ಮಣಿಕಟ್ಟು, ಮೊಣಕಾಲು, ರಕ್ತದೊತ್ತಡ ಎಲ್ಲ ವಿಚಾರಿಸಿದ. ಇವತ್ತು ಬರೀ ಕೂತಲ್ಲಿಂದ ಹಿಂದಕ್ಕೆ ಉರುಳೋದು, ಅಷ್ಟೇ ಎಂದ. ದೊಡ್ಡಮ್ಮ ಉರುಳಿದಳು. ಎರಡನೆಯ ಸಲ ಉರುಳಿ ಎದ್ದಾಗ ಕೂದಲೆಲ್ಲ ಕೆದರಿ, ಹತ್ತು ವರ್ಷ ಕಳಚಿಬಿದ್ದ ಹಾಗೆ ನಗುತ್ತಿದ್ದಳು.

ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಕೊರಳಲ್ಲಿ ಗುರುತಿನ ಚೀಟಿ, ಕಂಕುಳಲ್ಲಿ ಫೈಲು, ನೆರೆತ ತಲೆ. ಎರಡೂ ಕಿವಿ ಮುದುರಿದ್ದವು.

ಅವಳು ಡೈರಿ ಪಟ್ಟನೆ ಮುಚ್ಚಿದಳು. ಆ ಕಿವಿಗಳಿಗೆ ಚೀಟಿಯೇ ಬೇಕಿರಲಿಲ್ಲ. ಅಸೋಸಿಯೇಷನ್ನಿನ ನಿಜವಾದ ಪರೀಕ್ಷಕರು.

ಅವರು ಕೇಳಿದ್ದು ಗಾಯದ ಪುಸ್ತಕ. ನಿಂತೇ ತಿರುವಿದರು, ಕೆಂಪು ಸುತ್ತುಗಳಿದ್ದ ಹಾಳೆಗೆ ಬಂದು ನಿಂತರು. ಇದು ಯಾರ ಕೈ ಎಂದರು. ಡಾಕ್ಟರು ಬೆಂಚಿನ ಕಡೆ ಬೆರಳು ತೋರಿಸಿ, ಅಸೋಸಿಯೇಷನ್ ಮೇಡಂದು ಅಲ್ವಾ ಎಂದರು. ನಮ್ಮಲ್ಲಿ ಅಂಥ ಮೇಡಂ ಯಾರೂ ಇಲ್ಲ ಎಂದರು ಪರೀಕ್ಷಕರು.

ಮೇಷ್ಟ್ರ ಕೈ ಕಿವಿಗೆ ಹೋಯಿತು.

"ಅವರು ಸುಮ್ನೆ ಕ್ಲಾಸು ನೋಡೋಕೆ ಬಂದವರು ಸಾರ್. ಸುತ್ತು ಹಾಕಿದ್ದು ನಾನು."

ಅವಳು ಅವನನ್ನೇ ನೋಡಿದಳು. ಹೆಬ್ಬೆರಳು ಉಳುಕಿದ್ದನ್ನೂ ಮುಚ್ಚಿಡದ ಮನುಷ್ಯ, ಜನ್ಮದಲ್ಲಿ ಮೊದಲ ಸಲ ಸುಳ್ಳು ಹೇಳುತ್ತಿದ್ದ, ಅದೂ ಎಷ್ಟು ಕೆಟ್ಟದಾಗಿ.

ತಪ್ಪು ನನ್ನದು ಅಂತ ಬರೆದು, ಅದನ್ನೇ ಹೊಡೆದು ಹಾಕೋಕೆ ಗುರುತು ಮಾಡಿಟ್ಟುಕೊಂಡಿದ್ದೀರಿ ಎಂದರು ಪರೀಕ್ಷಕರು. ದಾಖಲೆ ತಿದ್ದುವ ಶಾಲೆಗೆ ಈ ವರ್ಷ ಮಾನ್ಯತೆ ಕೊಡೋಕಾಗಲ್ಲ. ಅವರ ದನಿಯಲ್ಲಿ ಕೋಪ ಇರಲಿಲ್ಲ, ಬೇಸರ ಇತ್ತು. ಫೈಲು ಮುಚ್ಚಿದರು. ಡಾಕ್ಟರು ಮ್ಯಾಟಿನ ಮೇಲೆ ಕುಸಿದು ಕೂತರು. ಅವರು ಬೆಲ್ಟಿನ ಪ್ರಶ್ನೆ ಕೇಳುವುದನ್ನು ಬಿಟ್ಟು ಎರಡೇ ವಾರವಾಗಿತ್ತು. ಮೇಷ್ಟ್ರು ಪುಸ್ತಕಕ್ಕೆ ಕೈ ಚಾಚಿದ.

ಅವಳು ಎದ್ದು ನಿಂತಳು. ತಾನು ಎದ್ದದ್ದು ಅವಳಿಗೆ ತಿಳಿದದ್ದು ಬೆಂಚು ಕಿರ್ರೆಂದಾಗ.

"ಅಲ್ಲ."

ದನಿ ಚಿಕ್ಕದಾಗಿತ್ತು. ಆದರೂ ಎಲ್ಲರೂ ತಿರುಗಿದರು. ದೊಡ್ಡಮ್ಮ ಕನ್ನಡಕ ಹಾಕಿಕೊಂಡಳು, ಕಣ್ಣಿಂದ ಕೇಳಿಸಿಕೊಳ್ಳುವವಳ ಹಾಗೆ.

ಅವಳು ಮೊದಲು ತನ್ನ ಡೈರಿ ತೆಗೆದು ಪರೀಕ್ಷಕರ ಮುಂದೆ ಹಿಡಿದಳು. ಅಕ್ಷರ ಹೋಲಿಸಿ ನೋಡಲಿ ಅಂತ. ಆಮೇಲೆ ತಡವರಿಸುತ್ತ, ನುಂಗುತ್ತ, ಒಂದೊಂದೇ ಹೇಳಿದಳು. ಸುತ್ತು ತಾನು ಹಾಕಿದ್ದು. ಪ್ರೆಸ್ಸಿನಲ್ಲಿ ಕರಡು ತಿದ್ದುವವಳು ತಾನು, ಒಂದೇ ವಾಕ್ಯ ಐದು ಸಲ ಕಂಡರೆ ಕೈ ತಾನಾಗಿ ಹೋಗುತ್ತದೆ. ಅಸೋಸಿಯೇಷನ್ನಿನವರಾ ಎಂದು ಕೇಳಿದಾಗ ತನಗೆ ಅಲ್ಲ ಅನ್ನಲು ಬರಲಿಲ್ಲ, ಯಾರ ಮುಂದೆಯೂ ಬರುತ್ತಿರಲಿಲ್ಲ, ಗಾಜಿನ ಬಾಗಿಲಿನವನ ಮುಂದೆಯೂ ಬಂದಿರಲಿಲ್ಲ. ಈ ಮನುಷ್ಯ ಏನನ್ನೂ ತಿದ್ದಿಲ್ಲ. ಇಷ್ಟು ಹೇಳುವಷ್ಟರಲ್ಲಿ ಅವಳ ಕಿವಿ ಕಾದ ಇಸ್ತ್ರಿಪೆಟ್ಟಿಗೆಯಾಗಿತ್ತು.

ಪರೀಕ್ಷಕರು ಡೈರಿ, ರಿಜಿಸ್ಟರು ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದರು. ಮೇಷ್ಟ್ರ ಕಡೆ ತಿರುಗಿ, ಇವರು ನಮ್ಮವರಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು ಎಂದು ಕೇಳಿದರು.

"ಎರಡನೇ ವಾರ ಸಾರ್," ಎಂದ ಅವನು ನೆಲ ನೋಡುತ್ತ. "ಅಸೋಸಿಯೇಷನ್ನಿನವರು ಯಾರೂ ನನ್ನ ನೋಡಿ ನಕ್ಕು, ಆಮೇಲೆ ಕೆಮ್ಮಿದವರಲ್ಲ."

"ಮತ್ತೆ ಕೇಳಲಿಲ್ಲ ಯಾಕೆ?"

"ಕೇಳಿದ್ರೆ ಬರೋದು ನಿಲ್ಲಿಸ್ತಿದ್ರು."

ಡಾಕ್ಟರು ಜೋರಾಗಿ ಗಂಟಲು ಸರಿಮಾಡಿಕೊಂಡರು. ದೊಡ್ಡಮ್ಮ ತಾನು ಇನ್ನೊಂದು ಸಲ ಉರುಳಿ ನೋಡ್ತೀನಿ ಎಂದು ಯಾರಿಗೂ ಅಲ್ಲದಂತೆ ಹೇಳಿದಳು, ಉರುಳಲಿಲ್ಲ. ಪರೀಕ್ಷಕರು ಫೈಲು ಮತ್ತೆ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಮಾನ್ಯತೆಯ ಹಾಳೆಗೆ ಸಹಿ ಹಾಕಿದರು. ಡೈರಿಯನ್ನು ಅವಳಿಗೆ ವಾಪಸು ಕೊಡುವ ಮೊದಲು ತೆರೆದಿದ್ದ ಪುಟದ ಮೇಲೆ ಕಣ್ಣಾಡಿಸಿದರು. ಅವರ ಮೀಸೆ ಒಂದಿಷ್ಟು ಅಲುಗಿತು.

"ಮೊದಲನೇ ದಿನವೇ ಬರ್ಕೊಂಡಿದೀಯಲ್ಲಮ್ಮ, ಒಳ್ಳೆಯ ಶಾಲೆ ಅಂತ. ಆಮೇಲೆ ಅಷ್ಟೂ ದಿನ ಬಂದು ಏನು ನೋಡ್ತಿದ್ದೆ?"

ತಲೆ ಆಡಿಸಿ ಮುಗಿಸುವ ಪ್ರಶ್ನೆ ಅದಾಗಿರಲಿಲ್ಲ. ಮೇಲಿಂದ ಕೆಳಕ್ಕೆ ಆಡಿಸಿದರೂ ಅರ್ಥವಿಲ್ಲ, ಅಡ್ಡಡ್ಡ ಆಡಿಸಿದರೂ ಇಲ್ಲ. ಎದುರಿಗೆ ಅವನು ನಿಂತಿದ್ದ. ಕೈ ಕಿವಿಯ ಕಡೆ ಹೊರಟು ಅರ್ಧದಲ್ಲೇ ನಿಂತಿತ್ತು. ಅವಳು ಪೆನ್ನನ್ನು ಬೆಂಚಿನ ಮೇಲಿಟ್ಟಳು. ಪರೀಕ್ಷಕರನ್ನು ಬಿಟ್ಟು ಅವನನ್ನೇ ನೋಡಿದಳು.

"ಶಾಲೆ ಒಂದೇ ದಿನಕ್ಕೆ ನೋಡಿ ಮುಗೀತು ಸಾರ್," ಎಂದಳು. "ಇವರನ್ನ ನೋಡಿ ಮುಗೀಲಿಲ್ಲ."